ಡ್ರಮ್ಮು ತೊಳೆಯುವ ಕಂಪನಿಯ ಡೈರೆಕ್ಟರು

ನಾಲ್ಕು ವರ್ಷ ನಾನು ಒಂದು ಕಂಪನಿಯ ಡೈರೆಕ್ಟರಾಗಿದ್ದೆ. ಅದೇ ನಾಲ್ಕು ವರ್ಷ ಅಲ್ಲಿಯ ಕಕ್ಕಸುಗಳನ್ನೂ ತೊಳೆದೆ. ಎರಡನೆಯ ಕೆಲಸ ನನಗೆ ಗೊತ್ತಿತ್ತು. ಮೊದಲನೆಯದು ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ನನ್ನ ಮಾನ ಹೋಗುವ ಸಂಗತಿಗಳು ಬಹಳ ಇವೆ. ಒಂದೊಂದಾಗಿ ಹೇಳುವುದೇ ಸುಲಭ.

ಕಾರ್ಖಾನೆ ಊರ ಹೊರಗೆ, ಬಂದರಿಗೆ ಹೋಗುವ ರಸ್ತೆಯಲ್ಲಿತ್ತು. ಮುಂದೆ ಗಾಜಿನ ಆಫೀಸು. ಹಿಂದೆ ತಗಡಿನ ಶೆಡ್ಡು. ಆಫೀಸಿನಲ್ಲಿ ಹನ್ನೊಂದು ಕಕ್ಕಸುಗಳಿದ್ದವು. ಶೆಡ್ಡಿನ ನಲವತ್ತು ಹೆಂಗಸರಿಗೆ ಒಂದು. ಆಫೀಸಿನ ಹನ್ನೊಂದನ್ನು ನಾನು ತೊಳೆಯುತ್ತಿದ್ದೆ. ಶೆಡ್ಡಿನದನ್ನು ತೊಳೆಯಲು ಯಾರನ್ನೂ ಇಟ್ಟಿರಲಿಲ್ಲ.

ಶೆಡ್ಡಿನಲ್ಲಿ ಡ್ರಮ್ಮು ತೊಳೆಯುವ ಕೆಲಸ. ಡ್ರಮ್ಮುಗಳು ಹಡಗಿನಲ್ಲಿ ಬರುತ್ತಿದ್ದವು. ಒಳಗೆ ಮೊದಲು ಬಣ್ಣವಿತ್ತೋ, ಹುಳ ಕೊಲ್ಲುವ ಔಷಧಿಯಿತ್ತೋ ಯಾರಿಗೂ ತಿಳಿಯದು. ಮೇಲಿನ ಚೀಟಿಯನ್ನು ಬಂದರಿನಲ್ಲೇ ಕೆರೆದು ತೆಗೆದಿರುತ್ತಿದ್ದರು. ಮೂಲ ಕಂಪನಿ ಬೇರೆ ದೇಶದ್ದು. ಅಲ್ಲಿ ಇಂಥ ಡ್ರಮ್ಮನ್ನು ಮನುಷ್ಯರ ಕೈಯಲ್ಲಿ ತೊಳೆಸುವ ಹಾಗಿಲ್ಲ. ಅದಕ್ಕೇ ಇಲ್ಲಿಗೆ ಕಳಿಸುತ್ತಿದ್ದರು. ಇಲ್ಲಿಯವರು ಮನುಷ್ಯರೋ ಅಲ್ಲವೋ ಎಂದು ಕೇಳುವವರು ಇರಲಿಲ್ಲ. ನಾನೂ ಕೇಳಿರಲಿಲ್ಲ.

ಡ್ರಮ್ಮನ್ನು ಅಡ್ಡ ಮಲಗಿಸಬೇಕು. ಸೊಂಟದವರೆಗೆ ಒಳಗೆ ತೂರಬೇಕು. ಕಾಸ್ಟಿಕ್ ನೀರು ಎರಚಿ ತಂತಿ ಬ್ರಷ್ಷಿನಿಂದ ತಿಕ್ಕಬೇಕು. ಉಸಿರು ಕಟ್ಟಿಕೊಂಡು ತಿಕ್ಕಬೇಕು. ತಡೆಯಲಾಗದಾಗ ಹೊರಬಂದು ಉಸಿರೆಳೆದು ಮತ್ತೆ ತೂರಬೇಕು. ಒಬ್ಬೊಬ್ಬಳಿಗೆ ದಿನಕ್ಕೆ ಮೂವತ್ತು ಡ್ರಮ್ಮು.

ನನ್ನ ಅಕ್ಕ ಒಂಬತ್ತು ವರ್ಷ ತಿಕ್ಕಿದಳು. ಅಮ್ಮ ಸತ್ತಾಗ ನನಗೆ ಐದು, ಅವಳಿಗೆ ಹದಿಮೂರು. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕೂಲಿಗೆ ಹೋದವಳು. ಏಳನೇ ತರಗತಿಯವರೆಗೆ ನನ್ನನ್ನು ಓದಿಸಿದಳು. ನಾನು ಅಲ್ಲಿ ಕಲಿತದ್ದರಲ್ಲಿ ಉಳಿದದ್ದು ಒಂದಿಷ್ಟು ಓದು, ಒಂದು ಸಹಿ. ಕೊನೆಯಲ್ಲಿ ಒಂದು ಸುಳಿ, ಕೆಳಗೆ ಎರಡು ಚುಕ್ಕಿ. ಅಕ್ಕ ಅದನ್ನು ಅಕ್ಕಪಕ್ಕದವರಿಗೆ ತೋರಿಸಿ ಹಿಗ್ಗುತ್ತಿದ್ದಳು. ಅವಳದು ಹೆಬ್ಬೆಟ್ಟು. ಕೊನೆಗೆ ಅದೂ ಉಳಿಯಲಿಲ್ಲ. ಬೆರಳಿನ ಗೆರೆಗಳನ್ನು ಕಾಸ್ಟಿಕ್ ತಿಂದುಹಾಕಿತು. ಶಾಯಿ ಹಚ್ಚಿ ಒತ್ತಿದರೆ ಕಾಗದದ ಮೇಲೆ ಕಪ್ಪು ಮಚ್ಚೆ ಮೂಡುತ್ತಿತ್ತು.

ಒಂದು ದಿನ ಮ್ಯಾನೇಜರು ಕರೆಸಿದರು. ಬಕೆಟ್ಟು ಹೊರಗಿಟ್ಟು ಬಾಗಿಲಲ್ಲಿ ನಿಂತೆ.

"ಓದೋಕೆ ಬರುತ್ತಾ ನಿನಗೆ?"

"ನಿಧಾನಕ್ಕೆ ಬರುತ್ತೆ ಸಾರ್."

"ಇಂಗ್ಲಿಷು?"

"ಇಲ್ಲ ಸಾರ್."

"ಒಳ್ಳೇದಾಯ್ತು. ಕೂತ್ಕೋ."

ಆ ಕೋಣೆಯ ಕುರ್ಚಿಗಳನ್ನು ದಿನಾ ಒರೆಸುತ್ತಿದ್ದೆ. ಕೂತಿರಲಿಲ್ಲ. ಅಂಚಿನಲ್ಲಿ ಕೂತೆ. ಕಂಪನಿಯ ವಕೀಲರು ಕಾಗದ ತಿರುವುತ್ತ ಬೆರಳು ತೋರಿಸಿದರು. ತೋರಿಸಿದಲ್ಲೆಲ್ಲ ಸಹಿ ಮಾಡಿದೆ. ಹದಿನಾಲ್ಕು ಸಹಿ. ಒಂದಕ್ಕೂ ಸುಳಿ ತಪ್ಪಿಸಲಿಲ್ಲ.

"ಸಹಿ ಚೆನ್ನಾಗಿದೆ," ಎಂದರು ವಕೀಲರು.

ಆ ಒಂದು ಮಾತಿಗೆ ನಾನು ಇನ್ನೂ ಹದಿನಾಲ್ಕು ಹಾಕಿಕೊಡುತ್ತಿದ್ದೆ.

"ಇದು ಏನಕ್ಕೆ ಸಾರ್?"

"ನಿನ್ನ ಒಳ್ಳೇದಕ್ಕೇ ಕಣಯ್ಯ. ಹೋಗು, ಮೇಲಿನ ನಲ್ಲಿ ಸೋರ್ತಿದೆ ನೋಡು."

ಕೆಲಸ ಕಾಯಂ ಆಯಿತು ಎಂದುಕೊಂಡೆ. ಮನೆಗೆ ಹೋಗಿ ಅಕ್ಕನಿಗೂ ಹಾಗೇ ಹೇಳಿದೆ. ಅವಳು ಆ ಸಂಜೆ ಎರಡು ಸಲ ಟೀ ಮಾಡಿದಳು. ನಾನು ಕಾಲ ಮೇಲೆ ಕಾಲು ಹಾಕಿಕೊಂಡು ಕುಡಿದೆ.

ಆಮೇಲೆ ವರ್ಷಕ್ಕೆ ಎರಡು ಮೂರು ಸಲ ಕರೆಸುತ್ತಿದ್ದರು. ಕೂರಿಸಿ ಸಹಿ ಮಾಡಿಸುತ್ತಿದ್ದರು. ಕಾಗದಗಳು ಇಂಗ್ಲಿಷಿನಲ್ಲಿರುತ್ತಿದ್ದವು. ಎರಡನೇ ವರ್ಷದ ಒಂದು ಕಾಗದ ನಮ್ಮ ಭಾಷೆಯಲ್ಲಿತ್ತು. ಸರ್ಕಾರದ ಇನ್‌ಸ್ಪೆಕ್ಟರಿಗೆ ಕೊಡುವ ಕಾಗದ. ಎಲ್ಲ ಕೆಲಸಗಾರರಿಗೂ ಮುಖವಾಡ ಮತ್ತು ಕೈಗವಸು ಕೊಡಲಾಗಿದೆ ಎಂದು ಅದರಲ್ಲಿತ್ತು. ನಾನು ಅದನ್ನು ಓದಿದೆ. ನನ್ನ ಅಕ್ಕ ಬಾಯಿಗೆ ಹಳೆಯ ಸೀರೆಯ ತುಂಡು ಕಟ್ಟಿಕೊಳ್ಳುತ್ತಿದ್ದದ್ದು ನನಗೆ ಗೊತ್ತಿತ್ತು. ಅವಳ ಕೈ ಗೊತ್ತಿತ್ತು. ನಿಧಾನಕ್ಕೆ ಓದಿದೆ. ಬೇಗ ಸಹಿ ಮಾಡಿದೆ.

ಇದೇ ನಾನು ಆಮೇಲೆ ಹೇಳುತ್ತೇನೆ ಎಂದದ್ದು.

ಶೆಡ್ಡಿನಲ್ಲಿ ಒಬ್ಬಳು ಹುಡುಗಿಯಿದ್ದಳು. ಅವಳನ್ನು ಎಲ್ಲರೂ ಮಾತಿನಮಲ್ಲಿ ಎಂದೇ ಕರೆಯುತ್ತಿದ್ದರು. ಅವಳ ತಾಯಿಯೂ ಅಲ್ಲೇ ತೊಳೆಯುವವಳು. ಮಗಳು ಡ್ರಮ್ಮಿನ ಒಳಗಿದ್ದಾಗಲೂ ಬಾಯಿ ಮುಚ್ಚುತ್ತಿರಲಿಲ್ಲ. ಉಸಿರು ಕಟ್ಟಬೇಕಾದ ಜಾಗದಲ್ಲಿ ಹರಟೆ ಹೊಡೆಯುತ್ತಿದ್ದಳು. ತಗಡಿನೊಳಗಿಂದ ಆ ದನಿ ಗುಂಯ್‌ಗುಟ್ಟಿಕೊಂಡು ಆಫೀಸಿನ ಕಕ್ಕಸಿನವರೆಗೂ ಬರುತ್ತಿತ್ತು. ನಾನು ನೆಲ ಉಜ್ಜುತ್ತ ಒಬ್ಬನೇ ನಗುತ್ತಿದ್ದೆ.

ಮೂರನೇ ವರ್ಷ ಒಂದು ದಿನ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಆ ದನಿ ನಡುವೆ ನಿಂತಿತು.

ನನ್ನ ಅಕ್ಕ ಹತ್ತಿರದ ಡ್ರಮ್ಮಿನಲ್ಲಿದ್ದಳು. ಹುಡುಗಿಯ ಕಾಲು ಒದ್ದಾಡುವುದನ್ನು ನೋಡಿ ಎಳೆಯಲು ಹೋದಳು. ಬರಲಿಲ್ಲ. ತಲೆ ಹಾಕಿ ತೋಳು ಹಿಡಿದಳು. ಡ್ರಮ್ಮಿನ ತಳದಲ್ಲಿದ್ದದ್ದಕ್ಕೆ ಕಾಸ್ಟಿಕ್ ನೀರು ಸೇರಿ ಅದು ಕುದಿಯುತ್ತಿತ್ತು. ಅಕ್ಕನ ಮುಖಕ್ಕೆ ಉಕ್ಕಿ ಬಂತು. ಎಡಗಣ್ಣು ಅಲ್ಲೇ ಹೋಯಿತು. ಆ ಹೊಗೆ ಎದೆಗಿಳಿಯಿತು. ಹುಡುಗಿಯನ್ನು ಹೊರಗೆಳೆದಾಗ ಅವಳಲ್ಲಿ ಉಸಿರಿರಲಿಲ್ಲ. ತಾಯಿ ಅವಳ ಬಾಯಿಯನ್ನು ತನ್ನ ಸೆರಗಿನಿಂದ ಒರೆಸುತ್ತಲೇ ಇದ್ದಳು.

ನಾನು ಕೈಯಲ್ಲಿ ಕಕ್ಕಸಿನ ಬ್ರಷ್ಷು ಹಿಡಿದೇ ಓಡಿಬಂದೆ. ಅಕ್ಕನನ್ನು ಹೆಗಲ ಮೇಲೆ ಹಾಕಿಕೊಂಡೆ. ಗೇಟಿನ ಬಳಿ ಕಂಪನಿಯ ಕಾರು ನಿಂತಿತ್ತು. ಸೀಟು ಹಾಳಾಗುತ್ತದೆ ಎಂದ ಡ್ರೈವರು. ತರಕಾರಿ ಹೇರಿಕೊಂಡು ಹೋಗುತ್ತಿದ್ದವನ ಗಾಡಿ ನಿಂತಿತು.

ಮಾರನೆಯ ದಿನ ಮ್ಯಾನೇಜರು ಆಸ್ಪತ್ರೆಯಿಂದ ನನ್ನನ್ನು ಕರೆಸಿಕೊಂಡರು. ಮೊದಲ ಸಲ ಕಪ್ಪು-ಸಾಸರಿನಲ್ಲಿ ಟೀ ಕೊಟ್ಟರು. ಮುಂದೆ ಒಂದೇ ಹಾಳೆ. ಕೆಲಸಗಾರರ ಸ್ವಂತ ಅಜಾಗರೂಕತೆಯಿಂದ ಅಪಘಾತವಾಯಿತು ಎಂದು ನಮ್ಮ ಭಾಷೆಯಲ್ಲೇ ಇತ್ತು.

"ನಿನ್ನ ಅಕ್ಕನ ಔಷಧಿ ಕಂಪನಿ ನೋಡ್ಕೊಳ್ಳುತ್ತೆ," ಎಂದರು.

ಸಹಿ ಮಾಡಿದೆ. ಅವತ್ತೂ ಸುಳಿ ನೆಟ್ಟಗೆ ಬಂತು. ಕಂಪನಿ ಆರು ದಿನ ಔಷಧಿ ನೋಡಿಕೊಂಡಿತು.

ವರ್ಷ ಕಳೆದ ಮೇಲೆ ಮೂಲ ಕಂಪನಿಯ ದೇಶದಿಂದ ಒಬ್ಬ ವಕೀಲೆ ಬಂದಳು. ಜೊತೆಗೆ ಅವಳ ಮಾತನ್ನು ನಮ್ಮ ಭಾಷೆಗೆ ತಿರುಗಿಸಿ ಹೇಳುವ ಒಬ್ಬ ಮೇಷ್ಟ್ರು. ನಮ್ಮ ಒಂದೇ ಕೋಣೆಯ ಮನೆಯಲ್ಲಿ ಚಾಪೆಯ ಮೇಲೆ ಕೂತರು. ಶೆಡ್ಡಿನ ಏಳೆಂಟು ಹೆಂಗಸರೂ ಬಂದಿದ್ದರು. ಮಾತಿನಮಲ್ಲಿಯ ತಾಯಿ ಬಾಗಿಲ ಹತ್ತಿರ ಕೂತಿದ್ದಳು.

ತಮ್ಮಲ್ಲಿ ಹೊಸ ಕಾನೂನು ಬಂದಿದೆ ಎಂದಳು ವಕೀಲೆ. ಅಲ್ಲಿಯ ಕಂಪನಿ ಯಾವ ದೇಶದಲ್ಲಿ ಜನರ ಮೈ ಸುಟ್ಟರೂ ಅಲ್ಲಿಯ ಕೋರ್ಟಿನಲ್ಲಿ ಉತ್ತರ ಕೊಡಬೇಕು. ಕಂಪನಿಯಷ್ಟೇ ಅಲ್ಲ. ಹೀಗೆ ನಡೆಯಲಿ ಎಂದು ಮೇಲೆ ಕೂತು ಹೇಳಿದವನು ಕಂಪನಿಯ ಅಧ್ಯಕ್ಷನೇ ಆದರೂ ಅವನೂ ಕೊಡಬೇಕು.

"ಅಧ್ಯಕ್ಷನ್ನ ಕೋರ್ಟಿಗೆ ಕರೀತಾರಾ?" ಅಕ್ಕ ಕೇಳಿದಳು.

"ಕರೀತಾರೆ. ಆದರೆ ಒಂದು ತೊಡಕಿದೆ," ಎಂದರು ಮೇಷ್ಟ್ರು. "ಶೆಡ್ಡು ನಮ್ಮದಲ್ಲ, ಅದು ಬೇರೆ ಕಂಪನಿ, ಅದಕ್ಕೆ ಅಲ್ಲೇ ಒಬ್ಬ ಡೈರೆಕ್ಟರು ಇದಾನೆ, ಎಲ್ಲಾ ಅವನದೇ ತೀರ್ಮಾನ ಅಂತ ಅವರು ಹೇಳ್ತಿದಾರೆ. ಆ ಮನುಷ್ಯ ಯಾರು ಅಂತ ನಿಮಗೆ ಗೊತ್ತಾ?"

"ಯಾವನಮ್ಮಾ ಅವನು, ಒಂದು ದಿನ ಆದ್ರೂ ಶೆಡ್ಡಿಗೆ ಕಾಲಿಟ್ಟಿದಾನಾ?" ಎಂದಳು ಒಬ್ಬಳು.

"ಎಲ್ಲೋ ಬಂಗಲೆಯಲ್ಲಿ ಬಿದ್ದಿರ್ತಾನೆ, ಹಾಳಾದವನು," ಎಂದೆ ನಾನು. ಎಲ್ಲರಿಗಿಂತ ಜೋರಾಗಿ ಎಂದೆ.

ವಕೀಲೆ ಚೀಲದಿಂದ ಕಾಗದ ತೆಗೆದಳು. ಮೇಷ್ಟ್ರು ಹೆಸರು ಓದಿದರು. ನನ್ನ ಹೆಸರು. ಅಪ್ಪನ ಹೆಸರು. ನಾವು ಕೂತಿದ್ದ ಅದೇ ಮನೆಯ ವಿಳಾಸ.

ಕಾಗದ ಕೈಯಿಂದ ಕೈಗೆ ಹೋಯಿತು. ಓದಲು ಬಾರದವರೂ ನೋಡಿದರು. ಆ ಸುಳಿ ಎಲ್ಲರಿಗೂ ಪರಿಚಯವಿತ್ತು. ಅಕ್ಕನೇ ತೋರಿಸಿದ್ದಳಲ್ಲ. ಅಕ್ಕ ಅದನ್ನು ಇರುವ ಒಂದು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ನಕ್ಕಳು. ಕೆಮ್ಮು ಬರುವವರೆಗೂ ನಕ್ಕಳು. ಕೆಮ್ಮು ನಿಂತ ಮೇಲೆ ಮತ್ತೆ ನಕ್ಕಳು.

"ನಮ್ಮನೇಲೇ ಇದ್ದ," ಎಂದಳು. "ದಿನಾ ನಾನೇ ಅನ್ನ ಹಾಕ್ತಿದ್ದೆ."

ಮಾತಿನಮಲ್ಲಿಯ ತಾಯಿ ನಗಲಿಲ್ಲ. ಎದ್ದು ಬಂದು ನನ್ನ ಮುಖಕ್ಕೆ ಉಗುಳಿದಳು. ನಾನು ಒರೆಸಿಕೊಳ್ಳಲಿಲ್ಲ. ಧೈರ್ಯದಿಂದಲ್ಲ. ಕೈ ಏಳಲಿಲ್ಲ.

ಮಾರನೆಯ ದಿನದಿಂದ ಇಡೀ ಬೀದಿಗೆ ನಾನು ಡೈರೆಕ್ಟರಾದೆ. ನೀರಿನ ಸಾಲಿನಲ್ಲಿ ನಿಂತರೆ "ಡೈರೆಕ್ಟರಿಗೆ ಜಾಗ ಬಿಡಿ" ಎನ್ನುತ್ತಿದ್ದರು. ಬಿಡುತ್ತಿರಲಿಲ್ಲ.

ಎರಡು ತಿಂಗಳ ನಂತರ ಮ್ಯಾನೇಜರು ಕರೆಸಿದರು. ಬಾಗಿಲಲ್ಲಿ ನಿಲ್ಲುವ ಮೊದಲೇ "ಬನ್ನಿ, ಬನ್ನಿ" ಎಂದರು. ನನ್ನ ಹಿಂದೆ ಯಾರೋ ಬಂದಿದ್ದಾರೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಆ ದೂರದ ಕೋರ್ಟು ನನ್ನ ಹೇಳಿಕೆ ಕೇಳುತ್ತಿತ್ತು. ನಾನು ಅಲ್ಲಿಗೆ ಹೋಗಬೇಕಿಲ್ಲ. ಇಲ್ಲೇ ಒಂದು ಪರದೆಯ ಮುಂದೆ ಕೂತರೆ ಜಡ್ಜಿಗೆ ಅಲ್ಲಿ ಕಾಣುತ್ತೇನೆ. ಕಂಪನಿಯೇ ನನ್ನನ್ನು ತನ್ನ ಸಾಕ್ಷಿ ಎಂದು ಹೇಳಿತ್ತು.

"ಎರಡೇ ಮಾತು," ಎಂದರು ವಕೀಲರು. "ಎಲ್ಲಾ ತೀರ್ಮಾನ ನನ್ನದೇ. ಅಧ್ಯಕ್ಷರಿಗೆ ಏನೂ ಗೊತ್ತಿಲ್ಲ. ಹೇಳಿ ನೋಡೋಣ."

ಹೇಳಿದೆ.

"ಹಾಗಲ್ಲ. ಬೆನ್ನು ನೆಟ್ಟಗಿರಲಿ. ಕೈ ಕಟ್ಕೋಬೇಡಿ. ಸಾರ್ ಅನ್ನಬೇಡಿ. ನೀವು ಡೈರೆಕ್ಟರು."

ಹತ್ತು ದಿನ ತಾಲೀಮು ನಡೆಯಿತು. ಬೆಳಿಗ್ಗೆ ಕಕ್ಕಸು ತೊಳೆದು, ಕೈ ತೊಳೆದು, ಮಧ್ಯಾಹ್ನ ಡೈರೆಕ್ಟರಾಗುತ್ತಿದ್ದೆ. ಮ್ಯಾನೇಜರು ತಮ್ಮ ಹಳೆಯ ಕೋಟು ಕೊಟ್ಟರು. ತೋಳು ಉದ್ದವಿತ್ತು. ಒಳಗೆ ಮಡಚಿ ಪಿನ್ನು ಹಾಕಿದರು. ಕನ್ನಡಿಯಲ್ಲಿ ನೋಡಿಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಚೆನ್ನಾಗಿಯೇ ಕಾಣುತ್ತಿದ್ದೆ. ಮೂರನೇ ದಿನದ ಹೊತ್ತಿಗೆ ಆಫೀಸಿನ ಗುಮಾಸ್ತನಿಗೆ "ಆ ಫ್ಯಾನು ಹಾಕಪ್ಪ" ಎಂದೂ ಅಂದುಬಿಟ್ಟೆ. ಅವನು ಹಾಕಿದ.

"ತಪ್ಪು ನಂದು ಅಂದ್ರೆ ಜೈಲಿಗೆ ಹೋಗಲ್ವಾ?" ಎಂದು ಕೇಳಿದೆ.

"ನಾವಿದ್ದೀವಲ್ಲ," ಎಂದರು ಮ್ಯಾನೇಜರು. "ಬೇರೆ ಏನಾದ್ರೂ ಅಂದ್ರೆ ಮಾತ್ರ ನಾವಿರಲ್ಲ. ಆಗ ಸಹಿ ಒಂದೇ ನಿಮ್ಮ ಜೊತೆ ಇರುತ್ತೆ."

ಅಕ್ಕ ಎರಡು ತಿಂಗಳಿಂದ ನನ್ನ ಜೊತೆ ಮಾತು ಬಿಟ್ಟಿದ್ದಳು. ಊಟ ಬಡಿಸುತ್ತಿದ್ದಳು, ತಟ್ಟೆ ನೆಲಕ್ಕೆ ಕುಕ್ಕುತ್ತಿದ್ದಳು. ಹೇಳಿಕೆಯ ದಿನ ಬೆಳಿಗ್ಗೆ ನಾನೇ ಬಾಯಿ ತೆಗೆದೆ.

"ನಾನೇನು ಹೇಳ್ಲಿ ಅಕ್ಕ?"

"ಅವರು ಹೇಳಿಕೊಟ್ಟಿದಾರಲ್ಲ, ಅದನ್ನೇ ಹೇಳು."

"ಅದು ಸುಳ್ಳು."

"ಯಾವುದು ಸುಳ್ಳು? ಮುಖವಾಡ ಕೊಟ್ಟಿದೀವಿ ಅಂತ ನೀನು ಬರೆದದ್ದು ಸುಳ್ಳಾ, ಬರೆದಿದೀಯ ಅನ್ನೋದು ಸುಳ್ಳಾ?"

ನಾನು ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದೆ.

"ನಾನೇನೂ ಅರಿಯದವನು ಅಂತ ಮಾತ್ರ ಅಳಬೇಡ," ಎಂದಳು. ಉಸಿರಿಗಾಗಿ ಸ್ವಲ್ಪ ಹೊತ್ತು ನಿಂತಳು. "ಓದೋಕೆ ಬರುತ್ತೆ ನಿನಗೆ. ನಾನೇ ಓದಿಸಿದ್ದು."

ಹೇಳಿಕೆ ಒಂದು ಬಾಡಿಗೆ ಕೋಣೆಯಲ್ಲಿ. ಉದ್ದ ಮೇಜು, ಗೋಡೆಯ ಮೇಲೆ ಪರದೆ. ಪರದೆಯಲ್ಲಿ ಬಿಳಿ ಕೂದಲಿನ ಹೆಂಗಸು ಜಡ್ಜು. ಮೇಜಿನ ಈ ಕಡೆ ಕಂಪನಿಯ ವಕೀಲರು, ಮ್ಯಾನೇಜರು. ಆ ಕಡೆ ನಮ್ಮ ವಕೀಲೆ. ಅಲ್ಲ, ಹೆಂಗಸರ ವಕೀಲೆ. ನಡುವೆ ಮೇಷ್ಟ್ರು.

ಕಂಪನಿಯ ವಕೀಲರು ಮೊದಲು ಕೇಳಿದರು.

"ತಾವು ಈ ಕಂಪನಿಯ ಡೈರೆಕ್ಟರೇ?"

"ಹೌದು."

"ಡೈರೆಕ್ಟರಾಗಿ ತಮ್ಮ ಕೆಲಸ ಏನು, ಮಾನ್ಯ ನ್ಯಾಯಾಧೀಶರಿಗೆ ವಿವರಿಸಿ."

ಇದಕ್ಕೆ ತಾಲೀಮು ಮಾಡಿದ್ದ ಉತ್ತರವಿತ್ತು. ನೀತಿ, ಮೇಲ್ವಿಚಾರಣೆ, ಹೊಣೆ ಎಂಬ ಮೂರು ಪದ ಅದರಲ್ಲಿದ್ದವು. ಮೊದಲ ಪದವೇ ಮರೆತುಹೋಯಿತು. ದೊಡ್ಡ ಕ್ರಾಂತಿ ಮಾಡಲು ಹೋಗಿ ಸತ್ಯ ಹೇಳಿದೆ ಎಂದುಕೊಳ್ಳಬೇಡಿ. ಪದ ಮರೆಯಿತು. ಬಾಯಿ ತೆರೆದೇ ಇತ್ತು. ಗೊತ್ತಿದ್ದದ್ದು ಬಂತು.

"ಬೆಳಿಗ್ಗೆ ಆರಕ್ಕೆ ಬರ್ತೀನಿ. ಹನ್ನೊಂದು ಕಕ್ಕಸು. ಮೊದಲು ಆಸಿಡ್ ಹಾಕ್ತೀನಿ. ಕಾಲು ಗಂಟೆ ಬಿಟ್ಟು ಉಜ್ಜಬೇಕು. ಕಟ್ಟಿಕೊಂಡ್ರೆ ಕೈ ಹಾಕಿ ತೆಗೀತೀನಿ."

ಮೇಷ್ಟ್ರು ನನ್ನನ್ನು ನೋಡಿ, ಆಮೇಲೆ ಅದನ್ನೇ ತಿರುಗಿಸಿ ಹೇಳಿದರು. ಜಡ್ಜು ಮುಂದಕ್ಕೆ ಬಾಗಿ ಏನೋ ಕೇಳಿದರು.

"ಇನ್ನೊಮ್ಮೆ ಹೇಳಬೇಕಂತೆ," ಎಂದರು ಮೇಷ್ಟ್ರು.

ಕೋಟಿನಲ್ಲಿ ಬೆವರು ಇಳಿಯುತ್ತಿತ್ತು. ಬಿಚ್ಚಿ ಕುರ್ಚಿಯ ಮೇಲೆ ಹಾಕಿದೆ. ತೋಳಿನ ಪಿನ್ನು ಚುಚ್ಚಿ ರಕ್ತ ಬಂತು. ಇನ್ನೊಮ್ಮೆ ಹೇಳಿದೆ.

ಆಮೇಲೆ ಉಳಿದದ್ದನ್ನೂ ಹೇಳಿದೆ. ಕುರ್ಚಿ ಕೊಟ್ಟದ್ದು, ಸಹಿ ಹೊಗಳಿದ್ದು, ಟೀ ಕೊಟ್ಟದ್ದು, ಹತ್ತು ದಿನದ ತಾಲೀಮು. ಮ್ಯಾನೇಜರು ನನ್ನನ್ನು ದುರುಗುಟ್ಟಿ ನೋಡುತ್ತಿದ್ದರು. ಮುಖವಾಡದ ಕಾಗದ ಓದಿಯೇ ಸಹಿ ಮಾಡಿದೆ ಎಂದೂ ಹೇಳಿದೆ. "ಕೈ ಹಿಡಿದು ಯಾರೂ ಮಾಡಿಸಲಿಲ್ಲ. ಸಹಿ ನಂದು. ತೀರ್ಮಾನ ನಂದಲ್ಲ. ಹನ್ನೊಂದರಲ್ಲಿ ಯಾವ ಕಕ್ಕಸು ಮೊದಲು ಅನ್ನೋ ತೀರ್ಮಾನ ಕೂಡ ನಂದಲ್ಲ."

ಹೆಂಗಸರ ವಕೀಲೆಯ ಸರದಿ ಬಂತು. ಅಧ್ಯಕ್ಷರಿಗೂ ಶೆಡ್ಡಿಗೂ ನಡೆದ ಪತ್ರಗಳನ್ನು ಆರು ತಿಂಗಳಿಂದ ಕೇಳುತ್ತಿದ್ದೇವೆ ಎಂದಳು. ಅವು ಶೆಡ್ಡಿನ ಕಂಪನಿಯ ಸ್ವತ್ತು, ಅದರ ಡೈರೆಕ್ಟರು ಒಪ್ಪದೆ ಕೊಡಲಾಗದು ಎಂದು ಮೂಲ ಕಂಪನಿ ಬರೆದುಕೊಟ್ಟಿತ್ತಂತೆ. ಅವಳು ನನ್ನ ಕಡೆ ತಿರುಗಿದಳು.

"ಡೈರೆಕ್ಟರೇ, ಆ ಪತ್ರಗಳನ್ನು ಕೊಡಲು ನೀವು ಒಪ್ಪುತ್ತೀರಾ?"

ಕಂಪನಿಯ ವಕೀಲರು ಎದ್ದು ನಿಂತರು. "ಮಾನ್ಯರೇ, ಇದನ್ನು ಒಪ್ಪಬಾರದು. ಈತನಿಗೆ ಏನೂ ತಿಳಿಯೋದಿಲ್ಲ. ಈತ ಬರೀ ಕಕ್ಕಸು ತೊಳೆಯೋವ್ನು."

ಜಡ್ಜು ಕನ್ನಡಕ ತೆಗೆದರು. ಮೇಷ್ಟ್ರು ಅವರ ಮಾತನ್ನು ನಿಧಾನವಾಗಿ ಹೇಳಿದರು: "ಕಾಲು ಗಂಟೆ ಮುಂಚೆ ಇವರನ್ನ ಡೈರೆಕ್ಟರು ಅಂದವರು ನೀವೇ. ಎರಡರಲ್ಲಿ ಯಾವುದು ಅಂತ ತೀರ್ಮಾನ ಮಾಡಿ. ಡೈರೆಕ್ಟರು ಅಲ್ಲದಿದ್ದರೆ ನಿಮ್ಮ ವಾದ ಇಲ್ಲಿಗೆ ಮುಗೀತು."

ವಕೀಲರು ಕೂತರು.

"ಕೊಡ್ತೀನಿ," ಎಂದೆ. "ಮ್ಯಾನೇಜರ ಕೋಣೆಯ ಎಡಗಡೆ ಬೀರು. ಮೂರನೇ ಅರೆ. ಹೊರದೇಶದ ಕಾಗದ ಎಲ್ಲಾ ಅಲ್ಲೇ ಇಡ್ತಾರೆ. ದಿನಾ ಧೂಳು ಹೊಡೆಯೋನು ನಾನೇ."

ನಾಲ್ಕು ವರ್ಷದಲ್ಲಿ ನಾನು ಡೈರೆಕ್ಟರಾಗಿ ಮಾಡಿದ ಕೆಲಸ ಅದೊಂದೇ.

ಆ ಮಧ್ಯಾಹ್ನವೇ ಕೋರ್ಟಿನ ಕಡೆಯವರು ಬೀರು ತೆರೆಸಿದರು. ಮುಖವಾಡ ಬೇಕು ಎಂದು ಮ್ಯಾನೇಜರೇ ಒಮ್ಮೆ ಬರೆದಿದ್ದರು. ಅದಕ್ಕೆ ಅಧ್ಯಕ್ಷರ ಉತ್ತರವಿತ್ತು, ಮೇಷ್ಟ್ರು ಓದಿ ಹೇಳಿದರು. ಮುಖವಾಡ ಹಾಕಿದರೆ ಕೆಲಸ ನಿಧಾನವಾಗುತ್ತದೆ. ಹೆಂಗಸರಿಗೆ ಉಸಿರು ಹಿಡಿಯುವುದು ರೂಢಿಯಾಗಿದೆ ಎಂದು ನೀವೇ ತಿಳಿಸಿದ್ದೀರಿ. ಈಗಿರುವ ಹಾಗೆಯೇ ನಡೆಯಲಿ. ಕೆಳಗೆ ಸಹಿ. ಅದನ್ನು ನಾನೂ ನೋಡಿದೆ. ಎರಡು ಅಕ್ಷರ, ಒಂದು ಗೀಟು. ಸುಳಿಯೂ ಇಲ್ಲ, ಚುಕ್ಕಿಯೂ ಇಲ್ಲ.

ಅಧ್ಯಕ್ಷನನ್ನು ಅವನ ದೇಶದ ಕೋರ್ಟಿನಲ್ಲಿ ನಿಲ್ಲಿಸಿದ ದಿನ ಹೆಂಗಸರೆಲ್ಲ ಊರಿನ ಕಾರ್ಮಿಕ ಸಂಘದ ಕೋಣೆಯಲ್ಲಿ ಪರದೆಯ ಮುಂದೆ ಸೇರಿದರು. ನನ್ನನ್ನು ಕರೆದಿರಲಿಲ್ಲ. ಕಿಟಕಿಯ ಹೊರಗೆ ನಿಂತು ನೋಡಿದೆ. ತೆಳ್ಳಗಿನ ಮುದುಕ. ಹತ್ತು ಪ್ರಶ್ನೆಗೂ ನೆನಪಿಲ್ಲ ಎಂದ. ಪತ್ರ ತೋರಿಸಿದಾಗ ನೀರು ಕೇಳಿದ.

"ಇಷ್ಟೇನಾ ಇವನು?" ಎಂದಳು ಅಕ್ಕ.

ಅವನ ಮೇಲೂ ಮೊಕದ್ದಮೆ ನಡೆಯಬೇಕು ಎಂದು ಆ ಕೋರ್ಟು ಹೇಳಿತು. ಅವನು ಹುದ್ದೆ ಬಿಟ್ಟ. ಕಂಪನಿ ಮೇಲಿನ ಕೋರ್ಟಿಗೆ ಹೋಗಿದೆ. ಶೆಡ್ಡಿಗೆ ಬೀಗ ಬಿದ್ದಿದೆ. ಅಕ್ಕ ಉಸಿರಿನ ಯಂತ್ರದ ಪಕ್ಕ ಮಲಗುತ್ತಾಳೆ. ಈಗ ಮಾತಾಡುತ್ತಾಳೆ, ಬೈಯುವುದಕ್ಕಾದರೂ.

ಇಲ್ಲಿಯ ಪೊಲೀಸರಿಗೆ ಅಷ್ಟು ದೂರದ ಕಾನೂನಿನ ಗೊಡವೆ ಬೇಕಿರಲಿಲ್ಲ. ಸತ್ತ ಹುಡುಗಿಯ ಕೇಸಿಗೆ ಒಬ್ಬ ಆರೋಪಿ ಬೇಕಿತ್ತು. ಕೈಗೆ ಸಿಗುವವನು ನಾನು. ಒಂಬತ್ತು ದಿನ ಒಳಗಿದ್ದೆ. ಅಲ್ಲಿಯ ಕಕ್ಕಸನ್ನೂ ತೊಳೆಸಿದರು. ಆರೋಪಿಗಳ ಪಟ್ಟಿಯಲ್ಲಿ ಒಂದೇ ಹೆಸರು. ಮ್ಯಾನೇಜರೂ ಇಲ್ಲ, ಅಧ್ಯಕ್ಷನೂ ಇಲ್ಲ.

ಸರ್ಕಾರ ಕೊಟ್ಟ ವಕೀಲ ಒಳ್ಳೆಯ ಮನುಷ್ಯ. "ನನಗೇನೂ ಗೊತ್ತಿರಲಿಲ್ಲ, ಮೋಸ ಹೋದೆ ಅಂತ ಹೇಳಿಬಿಡಿ. ಬಿಟ್ಟುಬಿಡ್ತಾರೆ," ಎಂದ.

ಕಟಕಟೆಯಲ್ಲಿ ನಿಂತೆ. ಹಿಂದಿನ ಬೆಂಚಿನಲ್ಲಿ ಹೆಂಗಸರಿದ್ದರು. ಮಾತಿನಮಲ್ಲಿಯ ತಾಯಿಯೂ ಇದ್ದಳು.

"ತಪ್ಪು ಒಪ್ಪಿಕೊಳ್ತೀಯಾ?" ಎಂದರು ಜಡ್ಜು.

"ಗೊತ್ತಿತ್ತು ಸ್ವಾಮಿ," ಎಂದೆ. "ಓದಿ ಸಹಿ ಹಾಕ್ದೆ. ನನ್ನ ಪಾಲಿಂದು ಒಪ್ಕೋತೀನಿ. ಎಲ್ಲರ ಪಾಲೂ ಒಪ್ಕೊಳಲ್ಲ. ಬರೆಸಿದವರ ಹೆಸರು ಆ ಬೀರಿನ ಕಾಗದದಲ್ಲಿದೆ. ಅವರೂ ಬಂದು ಇಲ್ಲಿ ನಿಲ್ಲಲಿ. ಅಲ್ಲಿವರೆಗೂ ನಾನೊಬ್ಬನೇ ನಿಲ್ಲಲ್ಲ."

"ನಿಲ್ಲಲ್ಲ ಅಂದ್ರೆ?"

ಕಟಕಟೆಯ ನೆಲದ ಮೇಲೆ ಕೂತುಬಿಟ್ಟೆ.

ಪೇದೆ ಬಂದು "ಏಳು" ಎಂದ. ಏಳಲಿಲ್ಲ. ತೋಳು ಹಿಡಿದು ಎಳೆದ. ದೊಡ್ಡ ಧೀರನಂತೆ ಕಾಣುತ್ತಿರಬೇಕು ಎಂದುಕೊಂಡೆ. ಚಡ್ಡಿ ಒದ್ದೆಯಾಗುವಷ್ಟು ಹೆದರಿದ್ದೆ. ಆದರೂ ಏಳಲಿಲ್ಲ.

ಹಿಂದೆ ಬೆಂಚು ಕಿರುಗುಟ್ಟಿತು. ಮಾತಿನಮಲ್ಲಿಯ ತಾಯಿ ಎದ್ದು ಮುಂದೆ ಬಂದಳು. ಜಡ್ಜಿನ ಎದುರು, ನನ್ನಿಂದ ಮಾರು ದೂರದಲ್ಲಿ ನೆಲದ ಮೇಲೆ ಕೂತಳು. ಒಬ್ಬೊಬ್ಬರಾಗಿ ಉಳಿದವರೂ ಬಂದು ಕೂತರು.

"ನಿನಗೋಸ್ಕರ ಅಲ್ಲ," ಎಂದಳು ಅವಳು, ನನ್ನ ಕಡೆ ನೋಡದೆ.

"ಗೊತ್ತು," ಎಂದೆ.

ಜಡ್ಜು ಪೇದೆಗೆ ಬಿಡು ಎಂದು ಸನ್ನೆ ಮಾಡಿದರು. ಆ ಪತ್ರಗಳನ್ನು ಇಲ್ಲಿಗೂ ತರಿಸಿರಿ ಎಂದು ಬರೆಸಿದರು. ಮ್ಯಾನೇಜರಿಗೂ ಹಿಂದಿನ ಅಧ್ಯಕ್ಷನಿಗೂ ಸಮನ್ಸು ಹೋಗಲಿ ಎಂದರು. ಮುಂದಿನ ತಿಂಗಳ ತಾರೀಕು ಕೊಟ್ಟು ಒಳಗೆ ಹೋದರು.

ಹೆಂಗಸರು ಸೆರಗು ಕೊಡವಿಕೊಂಡು ಎದ್ದರು. ನನ್ನ ಕಾಲು ಮರಗಟ್ಟಿತ್ತು. ಎರಡು ಸಲ ಏಳಲು ಹೋಗಿ ಕುಸಿದೆ. ಮಾತಿನಮಲ್ಲಿಯ ತಾಯಿ ಹೊರಟವಳು ನಿಂತು ನೋಡಿದಳು.

"ಏಳು," ಎಂದಳು. "ಅವರು ಬರೋ ದಿನ ನೀನೂ ಅವರ ಪಕ್ಕ ನಿಂತಿರಬೇಕು."

ಅವಳು ಕೈ ಕೊಡಲಿಲ್ಲ. ನಾನು ಕಟಕಟೆಯ ಸರಳು ಹಿಡಿದು ಎದ್ದೆ.